ಪಕ್ಕದ ಮನೆಯ ಒಂದಡಿ

ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಬರುತ್ತದೆ. ಮಳೆಗೆ ನೆಂದ ಮಣ್ಣಿನ ವಾಸನೆಯಲ್ಲ ಅದು. ಅದಕ್ಕಿಂತ ತೆಳು, ಸ್ವಲ್ಪ ಲೋಹದಂತೆ, ಮೂಗಿಗೆ ತಾಗಿ ಎರಡು ಉಸಿರಿನಲ್ಲಿ ಇಲ್ಲವಾಗುವಂಥದು. ಹೋದ ಆಗಸ್ಟಿನ ಒಂದು ಭಾನುವಾರ ಅಮೆರಿಕದ ಮಾರಿಸ್‌ವಿಲ್ಲಿನ ನನ್ನ ಟೌನ್‌ಹೌಸಿನ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಾಗ, ತೆರೆದಿದ್ದ ಮುಂಬಾಗಿಲಿನಿಂದ ಆ ವಾಸನೆ ಒಳಗೆ ಬಂತು. ಇಲ್ಲಿ ಆಗಸ್ಟಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಕಾಂಕ್ರೀಟು ಕಾದಿರುತ್ತದೆ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಮೆಟ್ಟಿಲ ಮುಂದೆ ಬಿದ್ದಿದ್ದ ಪೈನ್ ಮರದ ಒಣಸೂಜಿಗಳನ್ನೆಲ್ಲ ಗುಡಿಸಿ, ಹಿಟ್ಟು ಅಳೆಯುವ ಪ್ಲಾಸ್ಟಿಕ್ ಮಗ್ಗಿನಿಂದ ನೀರು ಚಿಮುಕಿಸುತ್ತಿದ್ದಳು. ಪಕ್ಕದ ಮನೆಯ ಶಬಾನಾ ಆಂಟಿ, ಅವರೂ ಮೈಸೂರಿನವರೇ, ಕಾರಿನ ಬೀಗದ ಕೈ ಹಿಡಿದು ನಿಂತು ನೋಡುತ್ತಿದ್ದರು.

"ಏನ್ರೀ ಗಿರಿಜಾ, ನಮ್ಮ ಕಡೇನೂ ಗುಡಿಸ್ತಿದ್ದೀರಲ್ಲ. ಹಂಗೇ ಒಳಗೂ ಬಂದ್ಬಿಡಿ, ಬಾತ್‌ರೂಮ್ ಒಂದು ಬಾಕಿ ಇದೆ."

"ಒಂದಡಿ ಮಾತ್ರ ರೀ. ಅದರ ಮೇಲೆ ನಂಗೆ ಪರ್ಮಿಷನ್ ಇಲ್ಲ."

"ಯಾರು ಕೊಡ್ಬೇಕು ಪರ್ಮಿಷನ್ನು? ಅಸೋಸಿಯೇಷನ್‌ನವರಾ?"

"ಜಪಾನ್‌ನಲ್ಲಿ ಒಬ್ರಿದ್ರು," ಎಂದಳು ಅಮ್ಮ, ನೀರು ಚಿಮುಕಿಸುತ್ತಲೇ.

ನಾನು ಕಾಫಿಯನ್ನು ಅಲ್ಲಿಗೇ ಬಿಟ್ಟೆ.

ನಿಮಗೂ ಇಂಥ ಒಂದು ಬೀದಿ ಇದ್ದೀತು. ಅದು ನಿಮ್ಮ ಊರಿನದೇ ಆಗಿರಬೇಕಿಲ್ಲ. ನನ್ನದಂತೂ ಅಲ್ಲ. ಅಪ್ಪ ರೇಷ್ಮೆಹುಳುವಿನ ವಿಜ್ಞಾನಿ. ನನಗೆ ಆರು ವರ್ಷವಾದಾಗ ಜಪಾನಿನ ಗುಡ್ಡಗಾಡಿನ ಒಂದು ರೇಷ್ಮೆಯ ಊರಿಗೆ ಅವರನ್ನು ಕಳಿಸಿದರು. ನಾಲ್ಕು ವರ್ಷ ಅಲ್ಲಿದ್ದೆವು. ಬೀದಿ ಕಿರಿದು, ಮೇಲಕ್ಕೆ ಏರುತ್ತಿತ್ತು, ತುದಿಯಲ್ಲಿ ಶಿಂತೊ ದೇಗುಲ. ದೇಗುಲಕ್ಕೆ ಮೊದಲು ಮರದ ಒಂದು ಹೆಬ್ಬಾಗಿಲು. ಕಂಬಗಳೆರಡು, ಮೇಲೆ ಅಡ್ಡಪಟ್ಟಿ, ಮುಚ್ಚಲು ಕದವೇ ಇಲ್ಲ. ಅದರ ಹಿಂದೆ ಗಿಂಕೊ ಎಂಬ ಮುದಿಮರ. ಬೀದಿಯ ಎರಡೂ ಬದಿ ಹೊಗೆಗೆ ಕಪ್ಪಾದ ಮರದ ಮನೆಗಳು, ಕೆಳಗೆ ಅಂಗಡಿ, ಮೇಲೆ ಸಂಸಾರ. ಮನೆಗಳ ಮುಂದೆ ಕಲ್ಲಿನ ಚರಂಡಿಯಲ್ಲಿ ಗುಡ್ಡದ ನೀರು ಹಗಲೂ ಇರುಳೂ ಒಂದೇ ಸದ್ದು ಮಾಡುತ್ತ ಹರಿಯುತ್ತಿತ್ತು. ಬೀದಿಯ ಬುಡದಲ್ಲಿ ಸಾರ್ವಜನಿಕ ಸ್ನಾನದ ಮನೆ, ಅದರ ಉದ್ದನೆಯ ಹೊಗೆಕೊಳವೆ. ಅದರಾಚೆ ಆ ಊರಿನ ಕೊನೆಯ ನೂಲು ಬಿಚ್ಚುವ ಗಿರಣಿ. ಗೂಡು ಬೇಯಿಸುವ ವಾಸನೆ ಅಪ್ಪನ ಸ್ವೆಟರಿನಲ್ಲಿ ಮನೆಗೆ ಬರುತ್ತಿತ್ತು. "ಸಮುದ್ರ ದಾಟಿ ಬಂದು ರಾಮನಗರದಲ್ಲೇ ಇದ್ದ ಹಾಗಾಯ್ತು," ಎಂದು ಅಮ್ಮ ಸ್ವೆಟರನ್ನು ಕಿಟಕಿಯ ಹೊರಗೆ ಒಣಹಾಕುತ್ತಿದ್ದಳು.

ನಾವಿದ್ದದ್ದು ಬೀದಿಯ ಕೊನೆಯ ಮನೆಯ ಮಹಡಿಯ ಎರಡು ಕೋಣೆಗಳಲ್ಲಿ. ಆ ಮನೆಯಾದ ಮೇಲೆ ದೇಗುಲದ ಗೋಡೆ. ಕೆಳಗೆ ಮನೆಯೊಡತಿಯ ಅಂಗಡಿ, ಅದರ ಹಿಂದೆ ಅವರ ಕೋಣೆ. ಮದುವೆಯಾಗದೆ ಉಳಿದ, ಎತ್ತರವಿಲ್ಲದ, ಬೆನ್ನು ನೆಟ್ಟಗಿದ್ದ ಹೆಂಗಸು. ನಾನು ಅವರನ್ನು ಒಬಾಚಾನ್, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದೆ. ಅಂಗಡಿಯಲ್ಲಿ ದೇವರ ಗೂಡಿಗೆ ಬೇಕಾದ ಬಿಳಿ ಕಾಗದ, ಹುಲ್ಲಿನ ಹಗ್ಗ, ಪುಟ್ಟ ಪಿಂಗಾಣಿ ತಟ್ಟೆಗಳು, ಹಸಿರೆಲೆಯ ರೆಂಬೆಗಳು. ಮೊದಲ ದಿನ ಒಳಗೆ ಕಾಲಿಟ್ಟ ಅಮ್ಮ ಸುತ್ತ ನೋಡಿ, "ಇದು ನಮ್ಮ ಗ್ರಂಧಿಗೆ ಅಂಗಡಿನೇ ಕಣೇ, ಅರಿಶಿನ ಕುಂಕುಮ ಒಂದಿಲ್ಲ ಅಷ್ಟೆ," ಎಂದಳು. ಬಾಗಿಲ ಎರಡೂ ಬದಿ ಪುಟ್ಟ ತಟ್ಟೆಯಲ್ಲಿ ಉಪ್ಪನ್ನು ಗೋಪುರದಂತೆ ಒತ್ತಿ ಇಟ್ಟಿದ್ದರು. ಅದನ್ನು ಕಂಡು ಅವಳ ಮುಖ ಅರಳಿತು. "ದೃಷ್ಟಿಗೆ ಇಟ್ಟಿದ್ದಾರೆ, ತುಳೀಬೇಡ." ಅವಳಿಗೆ ಆ ಊರಿನಲ್ಲಿ ಭಯ ಹೋದದ್ದು ಆಗ ಎಂದು ನನಗನಿಸುತ್ತದೆ. ಭಾಷೆ ಅವಳಿಗೆ ಕೊನೆಯವರೆಗೂ ಬರಲಿಲ್ಲ. ಶಾಲೆಗೆ ಹೋಗುತ್ತಿದ್ದ ನನಗೆ ಆರೇ ತಿಂಗಳಲ್ಲಿ ಬಂತು. ಅವರಿಬ್ಬರ ನಡುವೆ ನಿಂತು ಮಾತು ದಾಟಿಸುವುದು ನನ್ನ ಕೆಲಸವಾಯಿತು.

ಒಬಾಚಾನ್ ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದದ್ದು ಮನೆಯ ಮುಂದೆ ಗುಡಿಸುವುದು. ಬೇಸಿಗೆಯಾದರೆ ಗುಡಿಸಿದ ಮೇಲೆ ಬಕೆಟ್ಟು, ಬಿದಿರಿನ ಸೌಟು ಹಿಡಿದು ಕಲ್ಲಿನ ಮೇಲೆ ನೀರೆರಚುವರು. ಆಗ ಏಳುತ್ತಿದ್ದದ್ದೇ ನಾನು ಹೇಳಿದ ವಾಸನೆ. ಮನೆಯ ಉದ್ದಕ್ಕೂ ರಸ್ತೆಯಂಚಿಗೆ ಹನ್ನೊಂದು ಚಪ್ಪಡಿಗಳಿದ್ದವು, ಒಂದೊಂದೂ ಎರಡಡಿ ಅಗಲ. ಒಂದನೆಯದು ದೇಗುಲದ ಕಡೆ. ಹನ್ನೊಂದನೆಯದರ ಆಚೆ ಚಾಪೆ ಹೊಲಿಯುವ ಒಗಾವಾ ಅವರ ಮನೆ. ಒಬಾಚಾನ್ ಹನ್ನೊಂದೂ ಕಲ್ಲು ಗುಡಿಸಿ, ಒಗಾವಾ ಅವರ ಕಡೆಗೆ ಒಂದಡಿ ಮುಂದುವರಿಸಿ ನಿಲ್ಲಿಸುತ್ತಿದ್ದರು. ಒಗಾವಾ ತಮ್ಮ ಮುಂದೆ ಗುಡಿಸಿ, ನಮ್ಮ ಕಡೆಗೆ ಒಂದಡಿ ಬಂದು ನಿಲ್ಲಿಸುತ್ತಿದ್ದರು. ಇಬ್ಬರೂ ಇದರ ಬಗ್ಗೆ ಎಂದೂ ಮಾತಾಡಿದವರಲ್ಲ.

ಇದು ಅಮ್ಮನಿಗೆ ತಿಳಿದದ್ದು ಒಂದು ಪ್ರಮಾದದಿಂದ. ಮೊದಲ ವರ್ಷದ ದೀಪಾವಳಿಯ ಹೊತ್ತಿಗೆ ಒಬಾಚಾನ್ ಜ್ವರದಿಂದ ಮಲಗಿದರು. ಅಮ್ಮ ತಾನಾಗಿಯೇ ಪೊರಕೆ ಹಿಡಿದಳು. ನಮ್ಮ ಮುಂದಿನದು ಆಯಿತು. ಕೈಯಲ್ಲಿ ಪೊರಕೆ ಇದೆ, ಪಕ್ಕದವರ ಮುಂದೆಯೂ ಎಲೆ ಬಿದ್ದಿದೆ, ಹಬ್ಬ ಬೇರೆ. ಒಗಾವಾ ಅವರ ಮನೆಯ ಮುಂದೆಯೂ ಪೂರ್ತಿ ಗುಡಿಸಿ, ನೀರು ಹಾಕಿ, ಅಕ್ಕಿಹಿಟ್ಟಿನಲ್ಲಿ ಎಂಟು ದಳದ ರಂಗೋಲಿ ಬಿಟ್ಟು ಬಂದಳು. ಒಗಾವಾ ಹೊರಬಂದು ನೋಡಿದರು. ಸೊಂಟದವರೆಗೂ ಬಾಗಿ ಕೃತಜ್ಞತೆ ಹೇಳಿದರು. ಮರುದಿನ ಅಮ್ಮ ಕೆಳಗಿಳಿಯುವ ಹೊತ್ತಿಗೆ ನಮ್ಮ ಮುಂದಿನ ಹನ್ನೊಂದೂ ಕಲ್ಲು ಗುಡಿಸಿ, ತೊಳೆದು, ಒರೆಸಿದಂತೆ ಇದ್ದವು. "ಪಾಪ, ಎಷ್ಟು ಒಳ್ಳೆಯೋರು," ಎಂದು ಅಮ್ಮ ಅದರ ಮರುದಿನ ಅರ್ಧ ಗಂಟೆ ಮೊದಲೇ ಎದ್ದು ಮತ್ತೆ ಅವರದನ್ನು ಗುಡಿಸಿದಳು. ಅವರು ಇನ್ನೂ ಮೊದಲು ಎದ್ದರು. ಹೀಗೆ ಒಂದು ವಾರ. ಕೊನೆಗೆ ಅಪ್ಪ, "ನೀವಿಬ್ರೂ ರಾತ್ರಿ ಮಲಗೋದೇ ಬಿಟ್ಬಿಡಿ," ಎಂದರು.

ಜ್ವರ ಬಿಟ್ಟು ಎದ್ದ ಒಬಾಚಾನ್‌ಗೆ ನಾನು ಇದನ್ನೆಲ್ಲ ಹೇಳಿದಾಗ ಅವರು ನಕ್ಕ ನಗುವಿಗೆ ಮತ್ತೆ ಕೆಮ್ಮು ಬಂತು. ಆಮೇಲೆ ಅಮ್ಮನನ್ನು ಕೈಹಿಡಿದು ಹೊರಗೆ ಕರೆತಂದು, ಹನ್ನೊಂದನೆಯ ಕಲ್ಲಿನಾಚೆ ತಮ್ಮ ಚಪ್ಪಲಿಯನ್ನು ಅಡ್ಡಲಾಗಿಟ್ಟು ತೋರಿಸಿದರು. ಇಷ್ಟೇ. ಪೂರ್ತಿ ಗುಡಿಸಿದರೆ, ನಿಮ್ಮ ಮನೆ ಮುಂದೆ ಕೊಳೆಯಾಗಿದೆ, ನಿಮಗೆ ಕಾಣುವುದಿಲ್ಲವೇ ಎಂದು ಹೇಳಿದಂತೆ. ಗಡಿಯಲ್ಲೇ ನಿಲ್ಲಿಸಿದರೆ, ನೀವು ಬೇರೆ ನಾವು ಬೇರೆ ಎಂದಂತೆ. ನಾನು ಒಂದೊಂದನ್ನೇ ಕನ್ನಡಕ್ಕೆ ಹೇಳುತ್ತಿದ್ದೆ. ಅಮ್ಮ ನಾಲಿಗೆ ಕಚ್ಚಿಕೊಂಡಳು. ಆ ಸಂಜೆ ಕೋಡುಬಳೆ ಕರಿದು ತಟ್ಟೆಯಲ್ಲಿಟ್ಟು ಒಗಾವಾ ಅವರಿಗೆ ಕೊಟ್ಟು ಬಂದೆವು. ಅವರು ಒಂದನ್ನು ಕಚ್ಚಿ, ಬಹಳ ಹೊತ್ತು ಅಗಿದು, ತಮ್ಮ ಚಾಪೆಯ ಸೂಜಿಗಿಂತ ಇದು ಗಟ್ಟಿ ಎಂದರು. ಮರುದಿನದಿಂದ ಎರಡೂ ಕಡೆ ಒಂದೊಂದೇ ಅಡಿ.

ಶರತ್ಕಾಲದಲ್ಲಿ ನನಗೂ ಒಂದು ಕೆಲಸವಿತ್ತು. ಗಿಂಕೊ ಮರದ ಎಲೆಗಳು ಬೀಸಣಿಗೆಯ ಆಕಾರದವು, ಹಳದಿ. ದೇಗುಲದ ಕಡೆಯಿಂದ ಗಾಳಿ ಅವನ್ನು ಇಳಿಜಾರಿಗೆ ತಳ್ಳುತ್ತಿತ್ತು. ಒಬಾಚಾನ್‌ಗೆ ಆಗಲೇ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಒಳಗೆ ಚಹಾ ಕುಡಿಯುತ್ತ, ನನ್ನ ಹೆಸರಿಗೂ ಚಾನ್ ಸೇರಿಸಿ ಕೇಳುವರು, "ಅನುಚಾನ್, ಇವತ್ತು ಎಷ್ಟನೇ ಕಲ್ಲು?" ನಾನು ಹೊರಗೆ ಹೋಗಿ ಎಲೆ ಎಲ್ಲಿಯವರೆಗೆ ಬಂದಿದೆ ಎಂದು ಎಣಿಸಿ ಬಂದು ಹೇಳಬೇಕು. ನಾಲ್ಕು ಎಂದರೆ ಸಣ್ಣ ಪೊರಕೆ, ಎಂಟು ಎಂದರೆ ದೊಡ್ಡದು. ಎಷ್ಟೇ ಗಾಳಿಯಿದ್ದರೂ ನನ್ನ ಉತ್ತರ ಹತ್ತೂವರೆ ದಾಟುತ್ತಿರಲಿಲ್ಲ. ಹನ್ನೊಂದನೆಯ ಕಲ್ಲಿನ ಅರ್ಧವನ್ನು ಒಗಾವಾ ಆಗಲೇ ಗುಡಿಸಿರುತ್ತಿದ್ದರು. ಹತ್ತೂವರೆ ಎಂದ ದಿನ ಒಬಾಚಾನ್, "ಓ, ಒಗಾವಾ ಎದ್ದಿದ್ದಾನೆ," ಎನ್ನುತ್ತಿದ್ದರು. ಒಮ್ಮೆ ಚಳಿಗೆ ಹೊರಗೆ ಹೋಗದೆ ಬಾಗಿಲಲ್ಲೇ ನಿಂತು "ಮೂರು" ಎಂದುಬಿಟ್ಟೆ. ಅವರು ಸಣ್ಣ ಪೊರಕೆ ತೆಗೆದುಕೊಂಡು ಹೋದರು. ಎಲೆ ಒಂಬತ್ತನೆಯ ಕಲ್ಲಿನವರೆಗೆ ಇತ್ತು. ಬೈಯಲಿಲ್ಲ. ಮರುದಿನ ನನ್ನನ್ನು ಕೇಳದೆ ತಾವೇ ಹೋಗಿ ಬಗ್ಗಿ ನೋಡಿ ಬಂದರು. ಅದರ ಮರುದಿನವೂ. ಮೂರನೆಯ ದಿನ ಮತ್ತೆ, "ಅನುಚಾನ್, ಎಷ್ಟು?" ಎಂದು ಕೇಳಿದಾಗ ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ಈಗ ನನ್ನ ಉದ್ಯೋಗ ಔಷಧ ಪ್ರಯೋಗಗಳ ಅಂಕಿಅಂಶಗಳು ಸರಿಯಿವೆಯೇ ಎಂದು ಪರೀಕ್ಷಿಸುವುದು. ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ವಿಶ್ವವಿದ್ಯಾಲಯದ ಹೆಸರು ಹೇಳುತ್ತೇನೆ.

ಹತ್ತನೆಯ ವಯಸ್ಸಿಗೆ ಮೈಸೂರಿಗೆ ಹಿಂದಿರುಗಿದೆವು. ಒಬಾಚಾನ್ ಬಸ್ಸಿನವರೆಗೂ ಬರಲಿಲ್ಲ. ಪೊರಕೆ ಹಿಡಿದು ಮನೆಯ ಮುಂದೆಯೇ ನಿಂತಿದ್ದರು. ನನ್ನ ಜಪಾನಿ ಭಾಷೆ ಅಲ್ಲಿಗೇ ನಿಂತಿತು. ಇಂದಿಗೂ ನನಗೆ ಗೊತ್ತಿರುವುದು ಹತ್ತು ವರ್ಷದ ಹುಡುಗಿಯ ಮಾತು: ಎಲೆ, ಕಲ್ಲು, ಹಸಿವು, ನಾಳೆ. ದೊಡ್ಡವರು ದೊಡ್ಡವರೊಂದಿಗೆ ಆಡುವ ಮಾತುಗಳು ಬಾರವು. ಆ ಬೀದಿ ಬದಲಾದದ್ದನ್ನು ನಾನು ನೋಡಿದ್ದು ಮೀಕಾಳ ಕಣ್ಣಿನಿಂದ. ಮೀಕಾ ದೇಗುಲದ ಅರ್ಚಕರ ಮಗಳು, ನನ್ನ ತರಗತಿಯವಳು. ಅವಳು ವರ್ಷಕ್ಕೆ ಎರಡು ಮೂರು ಸಲ ಫೋಟೋ ಕಳಿಸುತ್ತಿದ್ದಳು. ಮೊದಲು ಗಿರಣಿ ಮುಚ್ಚಿತು. ಸ್ನಾನದ ಮನೆಯ ಹೊಗೆಕೊಳವೆ ಒಂದು ಫೋಟೋದಲ್ಲಿತ್ತು, ಮುಂದಿನದರಲ್ಲಿ ಅದರ ಜಾಗದಲ್ಲಿ ಕಾರು ನಿಲ್ಲಿಸುವ ಬಿಳಿ ಗೆರೆಗಳು. ತೋಫು ಮಾಡುವವರ ಮನೆಯಲ್ಲಿ ಪಟ್ಟಣದಿಂದ ಬಂದ ಜೋಡಿಯೊಂದು ಕಾಫಿ ಅಂಗಡಿ ತೆರೆಯಿತು, ಎರಡು ವರ್ಷದಲ್ಲಿ ಮುಚ್ಚಿತು. ಮನೆಗಳ ನಡುವೆ ಆಕಾಶ ಕಾಣತೊಡಗಿತು. ಹಲ್ಲು ಬಿದ್ದ ಬಾಯಿಯ ಹಾಗೆ ಎಂದು ಮೀಕಾ ಬರೆದಿದ್ದಳು. ದೇಗುಲದ ಕಡೆಯ ತುದಿಯಲ್ಲಿ ಮಾತ್ರ ಎರಡು ಮನೆಗಳು ಒಂದಕ್ಕೊಂದು ಆನಿಕೊಂಡು ಇದ್ದವು, ಒಗಾವಾ ಅವರದು ಮತ್ತು ನಮ್ಮದು. ನಮ್ಮದು ಎನ್ನುವ ಹಕ್ಕು ನನಗಿಲ್ಲ, ಆದರೂ ಬೇರೆ ಹೇಗೂ ಬರೆಯಲು ಬರುತ್ತಿಲ್ಲ.

ಕೊರೊನಾ ಸೋಂಕಿನ ಎರಡನೆಯ ವರ್ಷ ಒಬಾಚಾನ್ ಜಾರಿಬಿದ್ದು ಸೊಂಟ ಮುರಿದುಕೊಂಡರು. ವೃದ್ಧರನ್ನು ನೋಡಿಕೊಳ್ಳುವ ಒಂದು ಕಡೆಗೆ ಅವರನ್ನು ಸೇರಿಸಿದರು. ಆಗ ಆ ದೇಶ ಹೊರಗಿನವರಿಗೆ ಬಾಗಿಲು ಹಾಕಿತ್ತು. ಬಾಗಿಲು ತೆರೆಯುವ ಹೊತ್ತಿಗೆ ನನ್ನ ವೀಸಾ ಎಕ್ಸ್‌ಟೆನ್ಷನ್ ಇಲ್ಲಿ ಸಿಕ್ಕಿಕೊಂಡಿತ್ತು. ಈಗ ಹೊರಗೆ ಹೋದರೆ ಯಾವಾಗ ಹಿಂದಿರುಗುವಿರಿ ಎಂದು ಹೇಳಲಾಗದು ಎಂದರು ಆಫೀಸಿನ ವಕೀಲರು. ಟಿಕೆಟ್ಟಿನ ಪುಟವನ್ನು ತೆರೆಯುವುದು, ಮುಚ್ಚುವುದು ನನಗೊಂದು ಅಭ್ಯಾಸವಾಯಿತು. ಆ ನಡುವೆ ಮನೆಯನ್ನು ಕೆಡವಿದರು. ಮನೆ ಒಬಾಚಾನ್ ಅವರದು, ಆದರೆ ನೆಲ ದೇಗುಲದ್ದು. ಬಿಟ್ಟುಕೊಡುವಾಗ ನೆಲವನ್ನು ಖಾಲಿ ಮಾಡಿಯೇ ಕೊಡಬೇಕು ಎನ್ನುವುದು ಅಲ್ಲಿನ ಹಳೆಯ ಕರಾರು. ನೆಲ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿಸಿಕೊಂಡ ಅರ್ಚಕರು, ನೀವು ಮರಳುವವರೆಗೂ ಮನೆ ಇರಲಿ ಎಂದು ಅವರಿಗೆ ಮಾತು ಕೊಟ್ಟಿದ್ದರು. ಆದರೆ ಚಳಿಗಾಲದ ಹಿಮಕ್ಕೆ ಛಾವಣಿ ಕುಸಿಯಿತು, ಬೇರೆ ದಾರಿ ಇರಲಿಲ್ಲ. ಇದನ್ನು ಒಬಾಚಾನ್‌ಗೆ ಯಾರೂ ಹೇಳಿರಲಿಲ್ಲ.

ನವೆಂಬರಿನಲ್ಲಿ ಮೀಕಾ ಒಬಾಚಾನ್ ಜೊತೆ ಹತ್ತು ನಿಮಿಷದ ಒಂದು ವೀಡಿಯೊ ಕರೆ ಗೊತ್ತುಮಾಡಿದಳು. ಹಿಂದಿನ ದಿನ ಬೀದಿಯ ಫೋಟೋ ಕಳಿಸಿ, "ಅವರಿಗೆ ಹೇಳಬೇಡ, ದಯವಿಟ್ಟು. ಅಪ್ಪ ಈಗಲೂ ಅವರ ಮುಂದೆ ತಲೆ ಎತ್ತುವುದಿಲ್ಲ," ಎಂದು ಬರೆದಳು. ಕರೆ ಬಂದಾಗ ಆ ಫೋಟೋ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೇ ಇತ್ತು. ಮನೆಯಿದ್ದ ಜಾಗದಲ್ಲಿ ಜಲ್ಲಿ, ಅದರ ಸುತ್ತ ಹಗ್ಗ, ಅದರ ಮುಂದೆ ಎಲೆ ಮುಚ್ಚಿದ ಕಲ್ಲುಗಳು. ಫೋನಿನಲ್ಲಿ ಒಬಾಚಾನ್ ಅವರ ಮುಖ ಅಂಗೈಯಷ್ಟಾಗಿತ್ತು. ಕಣ್ಣು ಪೂರ್ತಿ ಹೋಗಿತ್ತು.

"ಅನುಚಾನ್, ಊಟ ಮಾಡಿದೆಯಾ?"

"ಮಾಡಿದೆ ಒಬಾಚಾನ್."

"ಸರಿ. ಮೀಕಾ ನಿನಗೆ ಫೋಟೋ ಕಳಿಸುತ್ತಾಳಂತೆ. ಹೇಳು ನೋಡೋಣ, ಎಷ್ಟನೇ ಕಲ್ಲು?"

ನಾನು ಫೋಟೋದಿಂದ ಕಣ್ಣು ತೆಗೆದು ಗೋಡೆ ನೋಡಿದೆ. "ಏಳು," ಎಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಬಾಗಿಲು ಚೆನ್ನಾಗಿದೆ. ಕಿಟಕಿ ಚೆನ್ನಾಗಿದೆ. ಉಪ್ಪಿನ ತಟ್ಟೆ ಎರಡೂ ಇವೆ."

ಅವರ ಕೈ ಪಕ್ಕಕ್ಕೆ ಹೋಗಿ ಏನನ್ನೋ ತಡವಿತು. ಪಿಂಗಾಣಿಗೆ ಪಿಂಗಾಣಿ ತಾಗಿದ ಸಣ್ಣ ಸದ್ದು ಕೇಳಿಸಿತು.

"ತಟ್ಟೆಗಳು ಇಲ್ಲಿವೆ, ಮಗು. ಬೇಸಿಗೆಯಲ್ಲಿ ಮೀಕಾ ತಂದುಕೊಟ್ಟಳು. ಮನೆ ಇದ್ದಿದ್ದರೆ ಯಾಕೆ ತರುತ್ತಿದ್ದಳು?"

ಕೆಡವುವುದಕ್ಕೆ ಆ ಭಾಷೆಯಲ್ಲಿ ಏನೆನ್ನುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ.

"ಇಲ್ಲಿ ಎಲ್ಲರೂ ಒಳ್ಳೆಯವರು," ಎಂದರು ಒಬಾಚಾನ್. "ಒಬ್ಬರೂ ಏನೂ ಹೇಳುವುದಿಲ್ಲ. ಅದಕ್ಕೇ ನಿನ್ನನ್ನು ಕೇಳಿದೆ."

ಅವರ ದನಿಯಲ್ಲಿ ಕೋಪವಿರಲಿಲ್ಲ. ನಾನು ಫೋಟೋದ ಕಡೆ ತಿರುಗಿ, "ಒಬಾಚಾನ್, ಕಲ್ಲು..." ಎಂದು ಶುರುಮಾಡಿದೆ. ಅಷ್ಟರಲ್ಲಿ ದಾದಿಯ ಮುಖ ಪರದೆಯ ತುಂಬ ಬಂದು, ಸಮಯ ಮುಗಿಯಿತೆಂದು ಬಾಗಿ ನಮಸ್ಕರಿಸಿತು. ಮುಂದಿನ ಕರೆ ಮೂರು ವಾರದ ನಂತರ ಎಂದರು. ಅದಕ್ಕೆ ಮೊದಲೇ ಅಲ್ಲಿ ಸೋಂಕು ಕಾಣಿಸಿಕೊಂಡು ಕರೆಗಳನ್ನೆಲ್ಲ ನಿಲ್ಲಿಸಿದರು. ನಾನು ಮೀಕಾಗೆ ಬರೆಯಬಹುದಿತ್ತು, ನೀನೇ ಹೋಗಿ ಹೇಳು ಎಂದು. ಅವಳನ್ನೂ ಒಳಗೆ ಬಿಡುತ್ತಿರಲಿಲ್ಲ. ಹೊಸ ವರ್ಷದ ಮೊದಲ ವಾರದಲ್ಲಿ ಒಬಾಚಾನ್ ತೀರಿಕೊಂಡರು. ತಟ್ಟೆಗಳನ್ನು ದೇಗುಲಕ್ಕೆ ತಂದಿಟ್ಟಿದ್ದೇವೆ ಎಂದು ಮೀಕಾ ಬರೆದಳು. ಆ ಫೋಟೋವನ್ನು ನಾನು ಆಮೇಲೆ ಎಷ್ಟು ಸಲ ತೆರೆದಿದ್ದೇನೋ. ಪ್ರತಿ ಸಲವೂ ನೋಡುತ್ತಿದ್ದದ್ದು ಜಲ್ಲಿಯನ್ನು, ಮನೆ ಇಲ್ಲದ ಜಾಗವನ್ನು.

ಆ ಆಗಸ್ಟಿನ ಭಾನುವಾರ ಅಮ್ಮ ಮಗ್ಗು ತೊಳೆದಿಟ್ಟು ಒಳಗೆ ಬಂದಾಗ ನಾನು ಅವಳಿಗೆ ಆ ಕರೆಯ ವಿಷಯ ಹೇಳಿದೆ. ಅಲ್ಲಿಯವರೆಗೂ ಯಾರಿಗೂ ಹೇಳಿರಲಿಲ್ಲ. ಅಪ್ಪ ಇದ್ದಿದ್ದರೆ ಅವರಿಗೆ ಹೇಳುತ್ತಿದ್ದೆನೇನೋ. ಅವರು ಹೋಗಿ ಆರು ವರ್ಷವಾಯಿತು. ಅಮ್ಮ ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. "ಎಲ್ಲಿ, ಆ ಫೋಟೋ ತೋರ್ಸು," ಎಂದು ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಳು. ಮನೆಯಿದ್ದ ಜಾಗವನ್ನು ಒಂದು ಸಲ ನೋಡಿದಳು, ಅಷ್ಟೆ. ಆಮೇಲೆ ಬೆರಳು ಕೆಳಗೆ, ಕಲ್ಲುಗಳ ಮೇಲೆ ಹೋಯಿತು.

"ಇದನ್ನ ಸ್ವಲ್ಪ ದೊಡ್ಡದು ಮಾಡು. ಇಲ್ಲಿ, ಈ ತುದಿ."

ದೊಡ್ಡದು ಮಾಡಿದೆ.

"ನೋಡು. ಯಾರೋ ಗುಡಿಸಿದಾರೆ."

ಕಲ್ಲುಗಳ ಮೇಲೆ ಹಳದಿ ಎಲೆ ದಪ್ಪಗೆ ಬಿದ್ದಿತ್ತು, ಒಂದರಿಂದ ಹತ್ತರವರೆಗೆ, ಕಲ್ಲಿನ ಬಣ್ಣವೇ ಕಾಣದಂತೆ. ಹನ್ನೊಂದನೆಯದರಲ್ಲೂ ಅರ್ಧ ಎಲೆ. ಉಳಿದರ್ಧ ಬರಿಗಲ್ಲು. ಎಲೆ ಮುಗಿದ ಅಂಚು ಚಾಪೆ ಕತ್ತರಿಸಿದ ಹಾಗೆ ನೇರವಾಗಿತ್ತು. ಆಚೆ ಒಗಾವಾ ಅವರ ಮನೆಯ ಮುಂದೆ ಒಂದು ಎಲೆಯೂ ಇರಲಿಲ್ಲ.

"ಈಗ ಅವ್ರಿಗೂ ಎಂಬತ್ತಾಗಿರ್ಬೇಕು ಅಲ್ವಾ," ಎಂದಳು ಅಮ್ಮ. "ಆಚೆ ಕಡೆ ಯಾರೂ ಇಲ್ಲ. ಆದ್ರೂ ಒಂದಡಿ ಬಂದಿದಾರೆ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಇದೊಂದು ಹೇಳಿದ್ರೆ ಸಾಕಿತ್ತು ಕಣೇ. ಇದನ್ನೇ ಕೇಳಿದ್ದು ಅವ್ರು."

ಅಮ್ಮ ಕಾಫಿ ಬಿಸಿಮಾಡಲು ಎದ್ದಳು. ಹೊರಗೆ ಮೆಟ್ಟಿಲ ಮುಂದಿನ ನೀರು ಆಗಲೇ ಆರಿತ್ತು. ನಾನು ಪರದೆಯ ಮುಂದೆ ಕೂತು, ಬೆರಳಿಟ್ಟು, ದೇಗುಲದ ಕಡೆಯಿಂದ ಒಂದೊಂದೇ ಕಲ್ಲನ್ನು ಎಣಿಸಿದೆ. ತಪ್ಪಾಗಿರಬಾರದೆಂದು ಇನ್ನೊಮ್ಮೆ ಎಣಿಸಿದೆ. ಇಷ್ಟು ಹೇಳಲು ಬೇಕಾದ ಮಾತು ನನಗೆ ಆ ಭಾಷೆಯಲ್ಲಿ ಗೊತ್ತಿತ್ತು. ಹತ್ತು ವರ್ಷದವಳಿಗೂ ಗೊತ್ತಿದ್ದ ಮಾತು ಅದು. ಗಟ್ಟಿಯಾಗಿಯೇ ಹೇಳಿದೆ.

ಒಬಾಚಾನ್, ಹತ್ತೂವರೆ.